ಗೆಜ್ಜೆಯೊಳಗಿನ ಉಣ್ಣೆ

ಕಿರ್ರ್ ಅಂತು, ಅಂದು ಸುಮ್ಮನಾಯಿತು, ಸುಮ್ಮನಾಯಿತೋ ಇಲ್ಲಾ ಎದುರಿಗೆ ಬಂದ ಲಾರಿ ಸದ್ದಿನಲ್ಲಿ ಮುಚ್ಚಿಹೋಯಿತೋ, ಹೊನ್ನೂರಮ್ಮ ಕಿವಿ ಮೇಲಿನ ಸೆರಗು ಸರಿಸಿ ಕೂತಳು, ಲಾರಿ ಹೋಗಲಿ, ಧೂಳು ಅಡಗಲಿ, ಆಮೇಲೆ ನೋಡಾಣ — ಹೂಂ, ಐತೆ, ಬಾನೆಟ್ಟಿನೊಳಗೆ ಫ್ಯಾನಿನ ಹತ್ತಿರ, ಎಣ್ಣೆ ಕಾಣದ ಬಾವಿ ರಾಟೆ ಕಿರುಗುಟ್ಟೋ ಹಂಗೆ, ಬೆಳಿಗ್ಗೆ ಜಗಳೂರು ಬಿಟ್ಟಾಗ ಇರಲಿಲ್ಲ, ದಾವಣಗೆರೆ ದಾಟಿದ ಮೇಲೆ ಹತ್ತಿಕೊಂಡದ್ದು, ಪಕ್ಕದಲ್ಲಿ ಗಂಡ ಮಲ್ಲೇಶಪ್ಪ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು, ದವಡೆಯಲ್ಲಿ ಎಲೆಯಡಿಕೆ ಒತ್ತಿಕೊಂಡು, ಮದುವೆ ಊಟ ಮುಗಿಸಿದ ಬೀಗರ ಹಂಗೆ ನೆಮ್ಮದಿಯಾಗಿ ಕೂತಿದ್ದಾನೆ, ಕೇಳಿಸಿದ್ದರೆ ಹಿಂಗೆ ಕೂರೋ ಮನುಷ್ಯನಾ ಈಯಪ್ಪ, ಮೊದಲೆಲ್ಲ ಒಂದು ನಟ್ಟು ಸಡಿಲಾದರೂ ಗಾಡಿ ಪಕ್ಕಕ್ಕೆ ಹಾಕಿ ಕೆಳಗಿಳಿದು, ಏನಾತೇ ನಿನಗೆ, ಅಂತ ಪಿಕಪ್ಪಿನ ಹತ್ತಿರ ಮಾತಾಡೋನು, ಕಟ್ಟಿಕೊಂಡ ಹೆಂಡತಿಗೆ ಜ್ವರ ಬಂದರೂ ಅಷ್ಟು ಮೆತ್ತಗೆ ಕೇಳಿದೋನಲ್ಲ. ಇವತ್ತು ಹೇಳಿಬಿಡಬೇಕು. ಹೆಂಗಾದರೂ ಮಾಡಿ ಸೂಳೆಕೆರೆ ದಾಟೋದರೊಳಗೆ ಹೇಳಿಬಿಡಬೇಕು, ರೀ, ನಿಮಗೆ ಕಿವಿ ಕೇಳಲ್ಲ, ಇನ್ನು ಗಾಡಿ ಓಡಿಸೋದು ಬ್ಯಾಡ, ಮಾರಿಬಿಡಾಣ — ಇಷ್ಟೇ ಮಾತು, ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದಾಳೆ, ಬೆಳಿಗ್ಗೆ ರೊಟ್ಟಿ ಬಡಿವಾಗಲೂ ಬಡಿತಕ್ಕೊಂದು ಮಾತು ಸೇರಿಸಿ ಹೇಳಿಕೊಂಡಿದ್ದಾಳೆ, ಆದರೂ ಬಾಯಿ ತೆಗೆದರೆ ಬರೋದು ಬ್ಯಾರೆ ಮಾತೇ, ಹಿಂದೆ ಕುರಿಹಿಕ್ಕೆ ತುಂಬಿದ ಚೀಲಗಳು ಹಳ್ಳಕೊಳ್ಳಕ್ಕೆ ಸಿಕ್ಕಾಗ ಉಸ್ಸು ಅಂತಾವೆ, ಚನ್ನಗಿರಿಯ ಬೆನಕಪ್ಪನವರ ತೋಟಕ್ಕೆ ಗೊಬ್ಬರ, ವರ್ಷಾವರ್ಷ ಇವರೇ ಹೊಡೆಯೋದು, ಜಗಳೂರಿನ ಹಿಕ್ಕೆಯಷ್ಟು ಕಾವು ಇನ್ಯಾವುದಕ್ಕೂ ಇಲ್ಲ ಕಣಮ್ಮ ಅಂತಾರೆ ಬೆನಕಪ್ಪನವರು, ಕಾವು ಇರದೆ ಏನು, ನಮ್ಮ ಸೀಮೆ ಬಿಸಿಲು ತಿಂದ ಕುರಿ, ಈಯಮ್ಮ ಪಿಕಪ್ಪೂ ಹಂಗೇ, ಕಾವು ಜಾಸ್ತಿ, ಜೀಪಿನ ಮೂತಿ, ಹಿಂದೆ ಮರದ ತೊಟ್ಟಿ, ಹಸಿರು ಬಣ್ಣ ಎಲ್ಲೆಲ್ಲಿ ಉಳಿದೈತೋ ಅಲ್ಲಲ್ಲಿ ಹಸಿರು. ಎಪ್ಪತ್ತೇಳರಲ್ಲಿ ಹೊನ್ನಾಳಿಯಿಂದ ತಂದದ್ದು, ಮಾರಿದೋನು ಸೆಲ್ಫ್ ಸ್ವಲ್ಪ ಮೊಂಡು ಅಂದಿದ್ದ, ಸ್ವಲ್ಪ ಅಂದರೆ ಎಷ್ಟು ಅಂತ ಆಮೇಲೆ ಗೊತ್ತಾತು, ಒಂದು ಸಲ ಆರಿಸಿದರೆ ಮುಗೀತು, ತಳ್ಳಬೇಕು ಇಲ್ಲಾ ಇಳಿಜಾರಿಗೆ ಬಿಡಬೇಕು, ಮಗಳ ಗಂಡಿನ ಮನೆ ನೋಡಾಕೆ ಹೋದಾಗಲೂ ಈಯಪ್ಪ ಮೊದಲು ನೋಡಿದ್ದು ಆ ಊರಲ್ಲಿ ಇಳಿಜಾರು ಎಲ್ಲೈತೆ ಅಂತ, ಹುಡುಗ ಹೆಂಗಿದ್ದಾನೆ ಅನ್ನೋದು ಆಮೇಲೆ.

ಗಾಜಿನ ಮುಂದೆ ಗೆಜ್ಜೆಸರ ಕುಣೀತಾ ಐತೆ. ಕೆಂದನ ಕೊರಳಿಂದು. ಪಿಕಪ್ಪು ತರಾಕೆ ಅಂತ ಎತ್ತು ಮಾರಿದಾಗ ಕೆಂದನನ್ನೂ ಅದರ ಜೋಡಿಯನ್ನೂ ಹೊಡಕೊಂಡು ಹೋಗಾಕೆ ಬಂದೋನು ಗೆಜ್ಜೆನೂ ಸೇರಿಸಿ ಕೊಡಿ ಅಂದ, ಮಾರೋ ಎತ್ತಿನ ಹಗ್ಗ, ಗೆಜ್ಜೆ ಮನೆ ಬಿಟ್ಟು ಹೋಗಬಾರದು ಕಣಪ್ಪ, ಹೊಸ ಹಗ್ಗ ತಂದು ಹಿಡಕೊಂಡು ಹೋಗು ಅಂತ ಹೊನ್ನೂರಮ್ಮನೇ ಬಿಚ್ಚಿಕೊಂಡಳು, ಎತ್ತು ಸಂದಿ ತಿರುಗೋವರೆಗೂ ನೋಡಲಿಲ್ಲ, ಗೆಜ್ಜೆ ಮಡಿಲಲ್ಲಿ ಹಾಕಿಕೊಂಡು ಹಿತ್ತಲಿಗೆ ಹೋಗಿ ಅತ್ತಳು, ಪಿಕಪ್ಪು ಬಂದ ದಿನ ಹುಣಸೆಹಣ್ಣು ಹಾಕಿ ತಿಕ್ಕಿ, ವಿಭೂತಿ ಹಚ್ಚಿ, ತಾನೇ ಇಲ್ಲಿ ಕಟ್ಟಿದಳು, ಅವತ್ತಿನಿಂದ ಝಲ್ ಝಲ್ ಅಂತಿದ್ದರೆ ಗಾಡಿ ನಡೀತಾ ಐತೆ ಅಂತ ಅರ್ಥ, ನಿಂತರೆ ನಿಂತಂಗೆ, ಸೊಕ್ಕೆ ಊರಿನ ದಾರೀಲಿ ಕುರಿ ಕಾಯೋರು ಗೆಜ್ಜೆ ಕೇಳೇ ಕೈ ಎತ್ತೋರು, ಮಲ್ಲೇಶಪ್ಪ ಬಂದ, ಮಲ್ಲೇಶಪ್ಪ ಬಂದ — ಈಗ ಝಲ್ ಅನ್ನಲ್ಲ. ಹೋದ ತಿಂಗಳು ತೊಟ್ಟಿ ಗುಡಿಸುವಾಗ ಬಿದ್ದಿದ್ದ ಕುರಿ ಉಣ್ಣೆ ತಗೊಂಡು ಒಂದೊಂದು ಗೆಜ್ಜೆಯೊಳಗೂ ಕಡ್ಡೀಲಿ ತುರುಕಿಬಿಟ್ಟಳು, ಪರೀಕ್ಷೆ ಮಾಡಾಕೆ ಅಲ್ಲ, ದೇವರಾಣೆಗೂ ಅಲ್ಲ, ಈಯಪ್ಪನ ಕಿವಿ ಮಂದ ಆಗೈತೆ ಅಂತ ಅನುಮಾನ ಇದ್ದೇ ಇತ್ತು, ಇಂಜಿನ್ನಿನ ಮೇಲೆ ತಾನಾದರೂ ಕಿವಿ ಇಟ್ಟಿರಾಣ, ಈ ಗೆಜ್ಜೆ ಗಲಾಟೇಲಿ ಏನೂ ತಿಳಿಯಲ್ಲ ಅಂತ ಅಷ್ಟೇ, ಬೈತಾನೆ ಅಂತ ಕಾದಳು, ಯಾಕೇ ನನ್ನ ಕೆಂದನ ಬಾಯಿ ಕಟ್ಟಿದೆ ಅಂತಾನೆ ಅಂತ ಕಾದಳು, ಗಾಡಿ ರಸ್ತೆ ಹಿಡೀತು, ಗೆಜ್ಜೆ ಮೂಕವಾಗಿ ಆ ಕಡೆ ಈ ಕಡೆ ತೂಗಾಡ್ತು, ಮಲ್ಲೇಶಪ್ಪ ಅದನ್ನೇ ನೋಡಿ ನಕ್ಕು, ಕೇಳಿದೇನೇ ಹೊನ್ನೂರಿ, ಇವತ್ತು ಎಷ್ಟು ಚೆಂದ ನುಡೀತಾವೆ, ಅಂದ. ಹೂಂ ರೀ ಅಂದಳು. ಅಯ್ಯೋ ನನ್ನ ಶಿವನೇ ಅಂತ ಒಳಗೊಳಗೇ ಅಂದಳು. ಅವತ್ತಿನಿಂದ ಒಂದು ಲೋಡಿಗೂ ಒಬ್ಬನನ್ನೇ ಕಳಿಸಿಲ್ಲ, ಮನೇಲಿ ಕುಂತು ಕುಂತು ಬ್ಯಾಸರ ಅಂತಾಳೆ, ಮಗಳ ಊರು ದಾರೀಲೇ ಐತಲ್ಲ ಅಂತಾಳೆ, ಹಿಂದಿನ ಬಸ್ಸು ಹಾರನ್ ಹೊಡೆದರೆ ಈಯಪ್ಪನ ಮೊಣಕಾಲು ತಟ್ಟಿ ಎಡಕ್ಕೆ ಕೈ ತೋರಿಸ್ತಾಳೆ, ಆಹಾ, ಆ ಹೊಲ ನೋಡ್ರಿ, ಶೇಂಗಾ ಎಷ್ಟು ಚೆಂದ ಬಂದೈತೆ ಅಂತಾಳೆ, ಈಯಪ್ಪ ಹೊಲ ನೋಡಾಕೆ ಅಂತ ಎಡಕ್ಕೆ ಸರೀತಾನೆ, ಬಸ್ಸು ಮುಂದೆ ಹೋಗ್ತದೆ. ನ್ಯಾಮತಿ ಹತ್ತಿರ ಒಂದು ಸಲ ತೂಕಡಿಸಿಬಿಟ್ಟಳು, ಎಚ್ಚರಾದಾಗ ಬಸ್ಸು ಮೈಮೇಲೇ ಬಂದಂಗೆ ಪಕ್ಕದಲ್ಲಿ, ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡು, ಏಯ್, ಕಿವುಡನೇನೋ ನೀನು, ಅಂತ ಅರಚಿದ, ಮಲ್ಲೇಶಪ್ಪ ಅವನಿಗೆ ಕೈ ಎತ್ತಿ ನಮಸ್ಕಾರ ಮಾಡಿದ, ಯಾರೋ ಗುರುತಿನೋರು ಇರಬೇಕು ಕಣೇ ಅಂದ. ಅದಕ್ಕೆ ನಗಬೇಕೋ ಅಳಬೇಕೋ, ನಕ್ಕಳು. ಆದರೆ ಮೊನ್ನೆ ನಗು ಬರಲಿಲ್ಲ, ಮೊನ್ನೆ ಮನೆ ಮುಂದೆ ಗಾಡಿ ಹಿಂದಕ್ಕೆ ತಗೊಳ್ಳುವಾಗ ಎದುರುಮನೆ ದುರುಗಕ್ಕ ನಿಲ್ಲಿಸಪ್ಪೋ ನಿಲ್ಲಿಸಪ್ಪೋ ಅಂತ ಬಾಯಿ ಬಡಕೊಂಡಳು, ಹೊನ್ನೂರಮ್ಮ ಬುತ್ತಿ ಕಟ್ಟೋದು ಬಿಟ್ಟು ಓಡಿಬರೋದರೊಳಗೆ ದುರುಗಕ್ಕನ ಕುರಿಮರಿ ಗಾಲಿ ಕೆಳಗೆ, ಬಿಳಿ ಮರಿ, ಕಾಲು ಮಾತ್ರ ಕರಿ, ಮರಿನೇ ಅಡ್ಡ ನುಗ್ಗಿತು ದುರುಗಕ್ಕ, ನಾನೇ ಕಣ್ಣಾರೆ ಕಂಡೆ, ಅಂತ ಸುಳ್ಳು ಹೇಳಿದಳು, ದುರುಗಕ್ಕ ತನ್ನ ಮೊಮ್ಮಗಳನ್ನ ಎತ್ತಿ ಸೊಂಟಕ್ಕೆ ಹಾಕಿಕೊಂಡು ಒಳಗೆ ಹೋದಳು. ಆ ಕೂಸು ದಿನಾ ಅದೇ ಬಾಗಿಲಲ್ಲಿ ಮಣ್ಣಾಡ್ತದೆ.

ಕಿರ್ರ್. ಈಗ ಜೋರಾಯಿತು. ಇದು ಪಂಪಿಂದೇ, ನೀರು ತಿರುಗಿಸೋ ಪಂಪು, ಬೇರಿಂಗ್ ಹೋದರೆ ಬೆಲ್ಟ್ ಹರೀತದೆ, ಬೆಲ್ಟ್ ಹರಿದರೆ ನೀರು ಕುದ್ದು ಇಂಜಿನ್ ಹಿಡಕೊಂತದೆ, ಇದನ್ನೆಲ್ಲ ಹೊನ್ನೂರಮ್ಮ ಎಲ್ಲಿ ಕಲಿತಳು ಅಂದರೆ ಈಯಪ್ಪನ ಬಾಯಿಂದಲೇ, ಉಣ್ಣುವಾಗಲೂ ಅದೇ ಮಾತು, ಮಲಗಿದಾಗಲೂ ಅದೇ ಮಾತು, ಎಂಥಾ ಕಿವಿ ಇತ್ತಪ್ಪ ಅದು, ಚನ್ನಗಿರಿಯ ಮೇಸ್ತ್ರಿ ಪಾಲಣ್ಣ ಬ್ಯಾರೆ ಗಾಡಿ ರಿಪೇರಿಗೆ ಬಂದರೂ ಮಲ್ಲೇಶಣ್ಣ, ಸ್ವಲ್ಪ ಕೇಳಿ ಹೇಳ್ರಿ ಅಂತ ಕರೆಯೋನು, ಈಯಪ್ಪ ಸೀಟಿನ ಕೆಳಗಿಂದ ತನ್ನ ಉದ್ದ ಸ್ಕ್ರೂಡ್ರೈವರ್ ತೆಗೆದು, ಕಬ್ಬಿಣದ ತುದಿ ಓಡ್ತಿರೋ ಇಂಜಿನ್ನಿಗೆ ಒತ್ತಿ, ಮರದ ಹಿಡಿ ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಸುತ್ತ ನಿಂತೋರೆಲ್ಲ ಉಸಿರು ಬಿಡದೆ ನೋಡೋರು, ಆಮೇಲೆ ಕಣ್ಣು ಬಿಟ್ಟು, ಇದಲ್ಲ ಪಾಲಣ್ಣ, ಅದರ ಪಕ್ಕದ್ದು, ಅನ್ನೋನು, ಬಿಚ್ಚಿ ನೋಡಿದರೆ ಪಕ್ಕದ್ದೇ. ಎಷ್ಟು ಹೆಮ್ಮೆ ಆಗೋದು ಆಗ, ಡಾಕ್ಟರ ಹೆಂಡತಿ ಅನ್ನೋ ಹಂಗೆ ಬೆಂಚಿನ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತುಬಿಡೋಳು. ಈಗ ಆ ಸ್ಕ್ರೂಡ್ರೈವರ್ ಹಿಡಿಯನ್ನ ಇಲಿ ಕಡಿದು ಹಾಕೈತೆ, ಸೀಟಿನ ಕೆಳಗೆ ಗುಡಿಸುವಾಗ ಕೈಗೆ ಸಿಕ್ಕಿತು, ತುದಿಯಲ್ಲಿ ಸುತ್ತಲೂ ಹಲ್ಲಿನ ಗುರುತು, ಕೆಲವು ಹಳೇವು, ಎಣ್ಣೆ ಕೂತು ಕಪ್ಪಾದವು, ಕೆಲವು ಹೊಸವು, ಒಳಗಿನ ಮರ ಬೆಳ್ಳಗೆ ಕಾಣೋವು, ಶೇಂಗಾ ಚೀಲ ಹೇರಿದಾಗ ಹತ್ತಿಕೊಂಡ ಇಲಿ ಇರಬೇಕು, ರೀ, ಇಲಿ ಸೇರೈತೆ ಗಾಡೀಲಿ ಅಂತ ಕಿವಿ ಹತ್ತಿರ ಕೂಗಿ ಹೇಳಿ ಬೋನು ತಂದು ಸೀಟಿನ ಕೆಳಗೆ ಇಟ್ಟಳು, ಈಯಪ್ಪ ಬೋನು ನೋಡಿದ, ಅವಳನ್ನ ನೋಡಿದ, ಇರಬಹುದು ಅಂದ, ದಿನಾ ಬೆಳಿಗ್ಗೆ ತಾನೇ ಒಂದು ಶೇಂಗಾ ಸುಲಿದು ಬೋನಿಗೆ ಸಿಗಿಸ್ತಾನೆ, ಇಲಿ ಮಾತ್ರ ಬಿದ್ದಿಲ್ಲ, ಹಲ್ಲಿನ ಗುರುತು ಹೆಚ್ಚಾಗ್ತಾನೇ ಐತೆ. ಬಾನೆಟ್ ಎತ್ತಿದರೆ ಇಲ್ಲಿ ಕೂತೋಳಿಗೆ ಏನೂ ಕಾಣಲ್ಲ, ಇಂಜಿನ್ ಆರದಂಗೆ ಎಕ್ಸಲೇಟರ್ ಮೇಲೆ ಕಾಲಿಟ್ಟು ಕೂರೋದು ಅವಳ ಕೆಲಸ, ಬಾನೆಟ್ಟಿನ ಆಚೆ ಈಯಪ್ಪ ಏನು ಮಾಡ್ತಾನೋ, ಕೇಳದ ಕಿವಿಗೆ ಹಿಡಿ ಒತ್ತಿಕೊಂಡು ಸುಮ್ಮನೆ ನಿಂತಿರ್ತಾನೋ ಏನೋ. ಕೆರೆ ಕಾಣಿಸ್ತು. ಎಷ್ಟು ನೀರಪ್ಪ, ನಮ್ಮೂರಲ್ಲಿ ಕೊಡಕ್ಕೆ ಜಗಳ, ಇಲ್ಲಿ ಕಣ್ಣು ಹಾಯೋವರೆಗೂ ಹರಡಿಕೊಂಡು ಬಿದ್ದೈತೆ, ದೂರದಲ್ಲಿ ಮೀನಿನೋರ ತೆಪ್ಪ ಒಂದು. ಏರಿ ಮುಗಿದರೆ ಚನ್ನಗಿರಿ ದಾರಿ, ಇನ್ನು ತಡ ಮಾಡಬಾರದು, ಮೊಣಕಾಲು ತಟ್ಟಿದಳು, ನೀರು ಕುಡಿಯೋ ಹಂಗೆ ಬೊಗಸೆ ತೋರಿಸಿದಳು, ಗಾಡಿ ಹೊಂಗೆ ಮರದ ಕೆಳಗೆ ನಿಂತಿತು.

ಹೋಗಿ ಕುಡಿದು ಬಾ, ನಾನು ಕಲ್ಲು ಇಡ್ತೀನಿ, ಅಂದ ಮಲ್ಲೇಶಪ್ಪ, ಎಕ್ಸಲೇಟರ್ ಮೇಲೆ ಕಲ್ಲಿಟ್ಟು, ಸೀಟಿನ ಕೆಳಗೆ ಕೈ ಹಾಕಿ ಏನೋ ತಗೊಂಡ, ಅವಳು ಕೆರೆ ಮೆಟ್ಟಿಲಿಳಿದಳು, ನೀರು ತಣ್ಣಗೆ, ಮುಖಕ್ಕೆ ಹಾಕಿಕೊಂಡಳು, ರೀ, ನಿಮಗೆ ಕಿವಿ ಕೇಳಲ್ಲ, ಇನ್ನು ಗಾಡಿ ಓಡಿಸೋದು ಬ್ಯಾಡ, ಕೆರೆಗೆ ಒಂದು ಸಲ ಹೇಳಿ ನೋಡಿದಳು, ಕೆರೆ ಏನೂ ಅನ್ನಲಿಲ್ಲ, ಈಯಪ್ಪನೂ ಏನೂ ಅನ್ನಲ್ಲ, ಅದೇ ಕಷ್ಟ, ಬೈದರೆ ತಡಕೊಬಹುದು, ಸುಮ್ಮನೆ ತಲೆ ಬಗ್ಗಿಸಿ ಕೂತುಬಿಟ್ಟರೆ — ಆದರೂ ದುರುಗಕ್ಕನ ಮೊಮ್ಮಗಳು, ಬಾಗಿಲಲ್ಲಿ ಮಣ್ಣಾಡೋ ಕೂಸು, ಎದ್ದು ಮೆಟ್ಟಿಲು ಹತ್ತಿದಳು, ಬಂದ ದಾರಿ ಬಿಟ್ಟು ನೇರವಾಗಿ ಗಾಡಿ ಮೂತಿಯ ಕಡೆಗೇ ಹತ್ತಿದಳು, ಬಾನೆಟ್ ಎತ್ತಿ ನಿಂತೈತೆ, ಫ್ಯಾನ್ ತಿರುಗ್ತಾ ಐತೆ, ಮಲ್ಲೇಶಪ್ಪ ಇಂಜಿನ್ನಿನ ಮೇಲೆ ಬಗ್ಗಿದ್ದಾನೆ, ಸ್ಕ್ರೂಡ್ರೈವರ್ ತುದಿ ಪಂಪಿನ ಮೇಲೆ, ಇನ್ನೊಂದು ತುದಿ ಕಿವಿಯಲ್ಲಿಲ್ಲ. ಬಾಯಲ್ಲಿ ಐತೆ. ಮರದ ಹಿಡಿಯನ್ನ ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಾನೆ, ಕಣ್ಣು ಮುಚ್ಚೈತೆ, ಗಲ್ಲ ನಡುಗ್ತಾ ಐತೆ, ಮೊದಲಿನ ಹಂಗೇ, ಪಾಲಣ್ಣನ ಅಂಗಳದಲ್ಲಿ ನಿಂತ ಹಂಗೇ, ಅಷ್ಟೇ ತನ್ಮಯ, ಹಲ್ಲಿನಿಂದ ದವಡೆಗೆ, ದವಡೆಯಿಂದ ಎಲ್ಲಿಗೋ, ಅವನಿಗೆ ಕೇಳ್ತಾ ಐತೆ. ಇಲಿ ಅಲ್ಲ. ಇಲಿ ಯಾವತ್ತೂ ಇರಲಿಲ್ಲ. ಆ ಹಳೇ ಗುರುತು, ಎಣ್ಣೆ ಕೂತು ಕಪ್ಪಾದವು, ಎಷ್ಟು ದಿನದಿಂದ ಒಬ್ಬನೇ ಬಾನೆಟ್ಟಿನ ಮರೆಯಲ್ಲಿ — ಕಣ್ಣು ಬಿಟ್ಟ. ಅವಳನ್ನ ಕಂಡ. ಮರೆಮಾಚಲಿಲ್ಲ, ಹಿಡಿಯನ್ನ ಮೆಲ್ಲಗೆ ಬಾಯಿಂದ ತೆಗೆದು, ಪಂಪು ಹೋಗೈತೆ, ಅಲ್ಲೇನೇ, ಅಂದ, ಅವಳು ತಲೆ ಆಡಿಸಿದಳು, ದಾವಣಗೆರೆಯಿಂದಲೇ ಅದರ ನಡುಕ ಕಾಲಿಗೆ ತಿಳೀತಿತ್ತು, ನೀನೂ ಸೆರಗು ಸರಿಸಿ ಸರಿಸಿ ಕೇಳ್ತಿದ್ದೆ, ಸರಿ, ಹೋಗಿಯೇ ಐತೆ ಅನಕೊಂಡೆ, ಅಂದ, ಆಮೇಲೆ ಬಾನೆಟ್ಟಿನ ಪಕ್ಕದಿಂದ ಒಳಗೆ ಬಗ್ಗಿ ನೋಡಿ, ಆ ಉಣ್ಣೆ ತೆಗೆದುಬಿಡು ಗೆಜ್ಜೆಯಿಂದ, ಪಾಪ, ಕೆಂದಗೆ ಉಸಿರು ಕಟ್ತದೆ, ಅಂದ. ಗೊತ್ತಿತ್ತೇನ್ರಿ, ಅಂದಳು, ಜೋರಾಗಿ ಅನ್ನಬೇಕು ಅನ್ನೋದೂ ಮರೆತು ಮೆಲ್ಲಗೇ ಅಂದಳು, ಅವನು ಅವಳ ತುಟಿ ನೋಡಿ ತಿಳಕೊಂಡ, ಮುಟ್ಟಿ ನೋಡಿದ್ದೆ, ನೀನು ಎಷ್ಟು ಕಷ್ಟಪಟ್ಟು ತುರುಕಿದ್ದೆ, ಅದಕ್ಕೇ ಚೆಂದ ನುಡೀತಾವೆ ಅಂದೆ, ಅಂದ, ನಕ್ಕ, ನಗು ಅರ್ಧಕ್ಕೇ ನಿಂತಿತು, ದುರುಗಕ್ಕನ ಮರಿ ಅಡ್ಡ ನುಗ್ಗಲಿಲ್ಲ, ಅಲ್ಲ? ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಗೊತ್ತು ಬಿಡು, ಪಾಲಣ್ಣಗೆ ಹೇಳ್ತೀನಿ, ಯಾವನಾದರೂ ಒಳ್ಳೆ ಡ್ರೈವರ್ ನೋಡು ಅಂತ, ಇದೊಂದು ಲೋಡು ಇಳಿಸಾಣ, ನಿಧಾನಕ್ಕೆ ಹೋಗಾಣ, ನೀನು ಮಗ್ಗುಲಲ್ಲಿ ಇರ್ತೀಯಲ್ಲ. ಅವಳ ಮಾತು, ರಾತ್ರಿಯೆಲ್ಲ ಬಾಯಿಪಾಠ ಮಾಡಿದ ಮಾತು, ಹೇಳಬೇಕಾಗೇ ಇಲ್ಲ ಈಗ, ಹಗುರ ಆಗಬೇಕಿತ್ತು, ಆಗಲಿಲ್ಲ, ಎದೆ ಮೇಲೆ ಯಾರೋ ಹಿಕ್ಕೆ ಚೀಲ ಇಟ್ಟಂಗೆ, ಬ್ಯಾಡ ರೀ, ನೀವೇ ಓಡಿಸ್ರಿ, ಅನ್ನಾಕೆ ಬಾಯಿ ತೆಗೆದಳು, ಕೂಸು ನೆನಪಾತು, ಮುಚ್ಚಿಕೊಂಡಳು. ಮಲ್ಲೇಶಪ್ಪ ಹಿಡಿಯನ್ನ ಹೆಗಲ ಟವಲಿಗೆ ಒರೆಸಿದ, ಎಂಜಲು ಹೋಗೋವರೆಗೂ ಒರೆಸಿದ, ತಗ, ನೀನೊಂದು ಸಲ ಕೇಳು, ಹಲ್ಲಿಗೆ ಬಂದದ್ದೂ ಕಿವಿಗೆ ಬಂದದ್ದೂ ಒಂದೇನಾ ನೋಡಾಣ, ಅಂತ ಅವಳ ಕೈಗೆ ಕೊಟ್ಟ. ಬಗ್ಗಿದಳು, ತುದಿಯನ್ನ ಪಂಪಿಗೆ ಒತ್ತಿದಳು, ಹಿಡಿಯನ್ನ ಕಿವಿಗೆ ಇಟ್ಟುಕೊಂಡಳು, ಒಳಗೆ ದೊಡ್ಡದೊಂದು ರಾಟೆ ಕಿರುಗುಟ್ಟುತ್ತಿತ್ತು, ಏನಂತೈತೆ, ಏನಂತೈತೆ ಹೇಳು, ಅಂತ ಈಯಪ್ಪ ಅವಳ ತುಟಿ ನೋಡಿಕೊಂಡು ಕೇಳ್ತಿದ್ದಾನೆ, ಹೇಳಬೇಕು, ಹೇಳ್ತೀನಿ ತಡೀರಿ, ಕಿವಿಗೆ ಒತ್ತಿದ ಮರ ಇನ್ನೂ ಬೆಚ್ಚಗೈತೆ, ಹೆಬ್ಬೆರಳ ಕೆಳಗೆ ಹಳ್ಳ ಹಳ್ಳ, ಹಳೇವು, ಹೊಸವು, ಒಂದರ ಪಕ್ಕ ಒಂದು, ಹಲ್ಲಿನ ಗುರುತು —