ಗಾಳೆಮ್ಮನ ಆಣಿ

ಕುರಿ ಉಣ್ಣಿ ಎಕ್ಕಿ ಹಿಂಜೋ ಮನ್ಯಾಗ ಒಂದು ಗಳಿಗಿ ಕುಂದ್ರಿ, ಆಮ್ಯಾಲೆ ಉದ್ಧಾರದ ಮಾತಾಡ್ರಿ. ಮೂಗಿನ್ಯಾಗ ಧೂಳು, ಗಂಟಲಾಗ ಕೂದಲು. ಉಣ್ಣ್ಯಾಗ ಸಿಕ್ಕ ನೆಗ್ಗಿಲಮುಳ್ಳು ಆರಿಸಿ ಆರಿಸಿ ಬೆರಳ ತುದಿ ಸೀಳಿರ್ತಾವು. ಖಾರ ಕಲಸಿದ್ರ ಜೀವ ಝಲ್ ಅಂತೈತಿ. ನಮ್ಮ ಓಣ್ಯಾಗ ಹೆಣ್ಮಕ್ಕಳು ನೂಲ್ತೀವಿ, ಗಂಡಸರು ಕಂಬಳಿ ನೇಯ್ತಾರ. ನಾನು ಅಂಜಿನಕ್ಕ. ನನ್ನ ಬಾಜೂ ಮನಿಯಾಕಿ ಗಾಳೆಮ್ಮ. ಗುಡೇಕೋಟಿ ಸುತ್ತಲ ಕುರಿಗಾರರು ಕಂಬಳಿ ಬೇಕಂದ್ರ ಆಕಿ ಮನೀನಾ ಕೇಳ್ಕೊಂಡು ಬರ್ತಿದ್ರು.

ಕಂಬಳಿ ಕೊಡೋವಾಗ ನಮ್ಮ ಓಣ್ಯಾಗ ಒಂದು ಪದ್ಧತಿ ಐತಿ. ನೂತಾಕಿ ದೇವರ ಅರಿಶಿಣ, ಅಂದ್ರ ಭಂಡಾರ, ಕೈಯಾಗ ಹಿಡಿದು ಹೇಳಬೇಕು: "ಇದು ಪೂರಾ ಕುರಿ ಉಣ್ಣಿ. ಮಳಿಗೆ ಸೋರಂಗಿಲ್ಲ. ಮೈಲಾರಲಿಂಗನ ಆಣಿ." ತಗಂಡಾವ ಆ ಭಂಡಾರ ಹಣಿಗೆ ಹಚ್ಚಿಕೊಂಡು ಹೋಗ್ತಾನ. ಸುಳ್ಳು ಆಣಿ ಇಟ್ಟಾಕಿ ಕೈಯಿಂದ ಮುಂದ ಯಾರೂ ಕಂಬಳಿ ಮುಟ್ಟಂಗಿಲ್ಲ.

ಹೋದ ವರ್ಷ ಕಂಪನಿಯಾವ ಬಂದ. ಗುರುಬಸವರಾಜ ಅಂತ, ಹಗರಿಬೊಮ್ಮನಹಳ್ಳ್ಯಾಗ ಆಫೀಸು. ಬಾಯಿ ಬಿಟ್ರ ಬೆಲ್ಲ.

"ಅಕ್ಕಾರ, ನಿಮ್ಮ ಕಂಬಳಿ ದಿಲ್ಲಿಗೆ ಹೋಗ್ತೈತಿ, ದುಬೈಗೆ ಹೋಗ್ತೈತಿ. ನಡುವ ದಲಾಲಿ ಇಲ್ಲ. ಕೊಡೋವಾಗ ಏನಂತೀರೋ ಅದನ್ನಾ ಕ್ಯಾಮೆರಾ ಮುಂದ ಅನ್ರಿ, ಸಾಕು."

ಗಾಳೆಮ್ಮ ತಾನು ನೂತ ಕಂಬಳಿ ತೊಡಿ ಮ್ಯಾಲೆ ಇಟ್ಟಗಂಡು, ಭಂಡಾರ ಹಿಡಿದು, ನಗತಾ ಆಣಿ ಇಟ್ಲು. ಆಣಿ ಆ ಒಂದು ಕಂಬಳಿಗೆ ಅಂತ ಆಕಿ ತಿಳಿದಿದ್ಲು. ನಾವೂ ಹಂಗಾ ತಿಳಿದಿದ್ವಿ. ಆಣಿ ಕಿತ್ತು ಬ್ಯಾರೇದಕ್ಕ ಅಂಟಿಸಬಹುದು ಅಂತ ಯಾವ ನೂಲಾಕಿಗೆ ಹೊಳಿಬೇಕು? ಆವ ಒಂದು ಕಾಗದಕ್ಕ ಆಕಿ ಹೆಬ್ಬೆಟ್ಟು ಒತ್ತಿಸಿಕೊಂಡು ಆ ಕಂಬಳಿ ಒಯ್ದ. ಮತ್ತ ನಮ್ಮ ಓಣಿ ಕಡಿ ತಲಿ ಹಾಕಲಿಲ್ಲ.

ಈ ಮಳಿಗಾಲದಾಗ ಒಂದಿನ ಮುಂಜಾನೆ ಕುರಿಗಾರ ಜಂಬುನಾಥ ಬಂದ. ಗಾಳೆಮ್ಮಗ ದೊಡ್ಡಪ್ಪನ ಮಗ. ತೊಯ್ದ ಕಂಬಳಿ ತಂದು ಅಂಗಳಕ್ಕ ಒಗದ.

"ಏನವಾ ಗಾಳೆಮ್ಮಾ, ದೇವರ ಅಂಜಿಕಿನಾ ಬಿಟ್ಟೇನು?"

"ಯಾಕಣ್ಣಾ, ಏನಾತು?"

"ಅಡವ್ಯಾಗ ಮಳಿ ಹಿಡೀತು. ಎಳೇ ಮರಿ ಇದರಾಗ ಸುತ್ತಿ ಮಲಗಿಸಿದ್ದೆ. ಜರಡಿ ಸೋರಿದಂಗ ಸೋರ್ತು. ಸೆಟೆದು ಸತ್ತುಹೋದ್ವು."

ಗಾಳೆಮ್ಮ ಮುಟ್ಟಿ ನೋಡಿದ್ಲು. ಪ್ಲಾಸ್ಟಿಕ್ ನೂಲು. "ಇದು ನಂದಲ್ಲಣ್ಣಾ!"

"ಸುಳ್ಳು ಹೇಳಬ್ಯಾಡ. ಕೂಡ್ಲಿಗಿ ಅಂಗಡ್ಯಾವ ಚೀಟಿಗೆ ಫೋನ್ ಹಿಡಿದು ತೋರಿಸ್ಯಾನ. ನೀನಾ ಅದೀಯವಾ ಅದರಾಗ! ನಿನ್ನ ಮಕ ನೋಡಿ ತಗಂಡೆ ನಾನು."

ನನ್ನ ಮಗಳು ಶೃತಿ ಕಂಬಳಿ ಚೀಟಿಗಿದ್ದ ಕ್ಯೂಆರ್ ಕೋಡಿನ ಕರಿ ಚೌಕಕ್ಕ ಫೋನ್ ಹಿಡಿದ್ಲು. ಖರೇನಾ, ಫೋನಿನ್ಯಾಗ ಗಾಳೆಮ್ಮ ಬಂದ್ಲು. ನಗತಾ ಆಣಿ ಇಟ್ಲು. ಜಂಬುನಾಥ ಹಿಂದಕ್ಕ ತಿರುಗಿ ನೋಡದಂಗ ಹೋದ. ಅವತ್ತಿಂದ ಒಬ್ಬ ಕುರಿಗಾರನೂ ಆಕಿ ಮನಿ ಮೆಟ್ಲ ಹತ್ತಲಿಲ್ಲ.

ನಾನೂ ಗಾಳೆಮ್ಮನೂ ಬಸ್ ಹತ್ತಿ ಕಂಪನಿ ಆಫೀಸಿಗೆ ಹೋದ್ವಿ.

"ಬರ್ರಿ ಅಕ್ಕಾರ! ಮಂದಿ ಎಲ್ಲಾ ನಿಮ್ಮನ್ನಾ ನೋಡಾಕತ್ಯಾರ!" ಅಂದ ಗುರುಬಸವರಾಜ.

"ನನ್ನ ಆಣಿ ತಗೀರಿ ಅದರಾಗಿಂದ. ಅದು ಸುಳ್ಳಾಗೈತಿ."

"ಆಣಿ ಎಲ್ಲೀದ್ರಿ? ಅದು ಜಾಹೀರಾತು. ಹೆಬ್ಬೆಟ್ಟು ಒತ್ತೀರಲ್ಲ, ವಿಡಿಯೋ ಕಂಪನೀದು."

"ನನ್ನ ನಾಲಿಗಿನೂ ಕಂಪನೀದೇನ್ರಿ?"

ಆವ ನಕ್ಕ. ಚಾ ತರಿಸಿದ. ನಾವು ಮುಟ್ಟಲಿಲ್ಲ. "ಛಲೋ ಆತು ನೀವಾ ಬಂದಿದ್ದು. ಸೋಮವಾರ ನಿಮ್ಮ ಓಣ್ಯಾಗ ಶೂಟಿಂಗ್ ಐತಿ. ಮಹಿಳಾ ಸಬಲೀಕರಣದ ಪ್ರಶಸ್ತಿಗೆ. ಎಲ್ಲಾರೂ ಆಣಿ ಇಡಬೇಕು," ಅಂದ. ಅಲ್ಲಿಂದ ಠಾಣಿಗೆ ಹೋದ್ರ, "ಆಣಿಗೆ ಯಾವ ಕೇಸ್ ಹಾಕ್ಲವಾ?" ಅಂದ್ರು ಸಾಹೇಬ್ರು.

ಸಂಜಿಗೆ ಓಣಿ ಹೆಣ್ಮಕ್ಕಳು ಕಟ್ಟಿ ಮ್ಯಾಲೆ ಕೂಡಿದ್ವಿ.

"ನೂಲೋದಾ ಬಂದ್ ಮಾಡಾನ. ಕಂಪನಿಯಾವ ಬಂದು ಕಾಲಿಗೆ ಬೀಳ್ತಾನ," ಅಂದ್ಲು ಸುಂಕಮ್ಮ.

"ಹುಚ್ಚಿ, ನಾವು ನೂತ್ರೇನು, ಬಿಟ್ರೇನು? ಅವರಿಗೆ ನಮ್ಮ ನೂಲು ಯಾಕ ಬೇಕು? ನಮ್ಮ ಮಕ ಸಿಕ್ರ ಸಾಕು," ಅಂದ್ಲು ಗಾಳೆಮ್ಮ.

ನನ್ನ ಮೈ ಉರಿದುಹೋತು. ಕೆಲಸ ಬ್ಯಾಡಂತ, ಕೆಲಸದಾಕಿ ಮಕ ಬೇಕಂತ! ಇದೆಂಥಾ ವ್ಯಾಪಾರವೋ ನಮ್ಮಪ್ಪಾ!

ಸೋಮವಾರ ಕಾರು ಬಂತು. ಎಲ್ಲಾರಿಗೂ ಒಂದಾ ಬಣ್ಣದ ಸೀರಿ ತಂದಿದ್ರು. ನಾವು ಉಡಲಿಲ್ಲ. ನಮ್ಮನ್ನ ಸಾಲಾಗಿ ಗ್ವಾಡಿ ಹತ್ರ ಕುಂದ್ರಿಸಿ, ತೊಡಿ ಮ್ಯಾಲೆ ಒಂದೊಂದು ಪ್ಲಾಸ್ಟಿಕ್ ಕಂಬಳಿ ಇಟ್ರು. ಗುರುಬಸವರಾಜ ತಾನಾ ಭಂಡಾರ ಹಂಚಿದ.

"ಅಕ್ಕಾರ, ನಗ್ರಿ. ಹ್ಞೂಂ, ಆಣಿ ಇಡ್ರಿ!"

ಗಾಳೆಮ್ಮ ಭಂಡಾರ ಸೆರಗಿನ ತುದಿಗೆ ಕಟ್ಟಿಕೊಂಡ್ಲು. ತೊಡಿ ಮ್ಯಾಲಿನ ಕಂಬಳಿ ಕೆಳಗ ನೂಕಿ, ಗ್ವಾಡಿ ಕಡಿ ತಿರುಗಿ ಕುಂತ್ಲು. ಆಮ್ಯಾಲೆ ಸುಂಕಮ್ಮ ತಿರುಗಿದ್ಲು. ನಾನು ತಿರುಗಿದೆ. ನೋಡ್ತಾ ನೋಡ್ತಾ ಸಾಲು ಪೂರಾ ತಿರುಗ್ತು.

"ಏನ್ರೀ ಇದು? ಬೆನ್ನು ತಗಂಡು ಏನ್ ಮಾಡ್ಲಿ ನಾನು?"

ಯಾರೂ ಹೊಳ್ಳಿ ನೋಡಲಿಲ್ಲ. ಆವ ಬೇಡಿಕೊಂಡ, ಬೈದ, "ನಿಮ್ಮಂಥೋರಿಗೆ ಉದ್ಧಾರ ಬರಂಗಿಲ್ಲ" ಅಂದ. ಕಡೀಗೆ ಕ್ಯಾಮೆರಾದಾವಗ ಅಂದ: "ಬಿಡಪಾ, ಹಳೇದಾ ಐತಲ್ಲ. ಅದನ್ನಾ ಕಳಿಸಾನ." ಫೋನ್ ತಗದು ಆ ಹಳೇ ವಿಡಿಯೋ ಹಚ್ಚಿದ.

"ಮಳಿಗೆ ಸೋರಂಗಿಲ್ಲ. ಮೈಲಾರಲಿಂಗನ ಆಣಿ," ಅಂದ್ಲು ಫೋನಿನ್ಯಾಗಿನ ಗಾಳೆಮ್ಮ.

"ಸುಳ್ಳು!" ಅಂತ ಚೀರಿದ್ಲು ನಮ್ಮ ಗಾಳೆಮ್ಮ. ಗ್ವಾಡಿಗೆ ಬಡಿದು ಆ ಧ್ವನಿ ಓಣಿ ತುಂಬ್ತು.

ವಿಡಿಯೋ ಮತ್ತ ಮೊದಲಿಂದ ಓಡ್ತು. ಈ ಸಲ ನಾವೆಲ್ಲಾರೂ ಒದರಿದ್ವಿ. ಆವ ಗಡಬಡಿಸಿ ಫೋನ್ ಬಾಯಿ ಮುಚ್ಚಿ ಕಾರು ಹತ್ತಿದ.

ಆ ವಿಡಿಯೋಗ ಪ್ರಶಸ್ತಿ ಬಂತಂತ. ಇವತ್ತಿಗೂ ಅದು ಓಡಾಕತ್ತೈತಿ. ಕುರಿಗಾರರು ಇನ್ನೂ ಗಾಳೆಮ್ಮನ ಮನಿಗೆ ಬಂದಿಲ್ಲ. ನಿಮ್ಮ ಫೋನಿಗೆ ಆಕಿ ಬಂದು, ನಗತಾ ಆಣಿ ಇಟ್ರ, ನಮ್ಮ ಬದ್ಲಿ ಒಮ್ಮೆ ನೀವಾ ಒದರಿಬಿಡ್ರಿ: ಸುಳ್ಳು!