ಮೈದುನನ ಪಾತ್ರ

ಹುಳಿಯಾರಿನ ಕಡೆಯ ಹಳ್ಳಿಗಳಲ್ಲಿ ನಾಟಕದ ಪಾತ್ರ ಯಾರಿಗೂ ಪುಕ್ಕಟೆ ಸಿಗುವುದಿಲ್ಲ. ಬಣ್ಣ ಹಚ್ಚುವ ಚಪಲವಿದ್ದವನು ಚಂದಾ ಕೊಟ್ಟು ಪಾತ್ರ ಹಿಡಿಯಬೇಕು. ಕೊಟ್ಟವನು ಸುಮ್ಮನಿರುತ್ತಾನೆಯೇ? ನನಗೆ ಇನ್ನೊಂದು ಹಾಡು ಬೇಕು, ನನ್ನನ್ನು ಯಾರೂ ಕತ್ತೆ ಅನ್ನಬಾರದು ಎಂದು ದಿನಕ್ಕೊಂದು ತಕರಾರು ತೆಗೆಯುತ್ತಾನೆ. ಕೆಂಕೆರೆಯ ತೋಂಟದಾರ್ಯ ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಊರ ಹುಡುಗರಿಗೆ ನಾಟಕ ಬರೆದು ಬರೆದು ಅವನ ಕೈಯೇ ಸವೆದುಹೋಗಿತ್ತು.

ಆದರೆ ತೊಂಬತ್ತೆಂಟರ ಯುಗಾದಿಗೆ ಬರೆದದ್ದು ಬೇರೆ. ಅದು ಅವನ ಅಕ್ಕ ಕಲ್ಲಮ್ಮನ ಕಥೆ. ಗಂಡ ಸತ್ತು ವರ್ಷ ತುಂಬುವ ಮೊದಲೇ ಮೈದುನ ರುದ್ರೇಶ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ತೆಂಗಿನ ತೋಟವನ್ನು ನುಂಗಿ ನೀರು ಕುಡಿದಿದ್ದ. ಪಂಚಾಯ್ತಿಯಲ್ಲಿ ಯಾರೂ ಅವಳ ಮಾತು ನಂಬಲಿಲ್ಲ. ರುದ್ರೇಶನ ನಾಲಿಗೆ ಅಷ್ಟು ಸಿಹಿ. ತವರಿಗೆ ಬಂದು ತಮ್ಮನ ಹಟ್ಟಿಯಲ್ಲಿ ತೆಂಗಿನ ಗರಿ ಹೆಣೆದುಕೊಂಡಿದ್ದ ಕಲ್ಲಮ್ಮ ಒಂದು ದಿನ, "ನೀನಾದ್ರೂ ಬರಿ ಕಣಪ್ಪ. ಅವ್ನು ಎಂಥೋನು ಅಂತ ಜನ ಒಂದ್ಸಲ ನೋಡ್ಲಿ" ಎಂದಳು. ಅವಳು ತಮ್ಮನನ್ನು ಕೇಳಿದ್ದು ಅದೊಂದೇ.

ತೋಂಟದಾರ್ಯ ಮೈದುನನ ಪಾತ್ರವನ್ನು ಮನಸ್ಸಿಟ್ಟು ಬರೆದ. ಮೀಸೆ ತಿರುವುವ ಕೇಡಿಯಲ್ಲ ಅವನು. ಅತ್ತಿಗೆಗೆ ಜ್ವರ ಬಂದರೆ ಗಂಜಿ ಮಾಡಿಸಿ ತರುವವನು. ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆ ಅವಳ ಬೆರಳಿನ ಮಸಿಯನ್ನು ತನ್ನ ಟವೆಲ್ಲಿನಲ್ಲೇ ಒರೆಸುವವನು. ಓದಿ ಹೇಳಿದಾಗ ಕಲ್ಲಮ್ಮ, "ಅಯ್ಯೋ ಶಿವನೇ, ಥೇಟ್ ಅವ್ನೇ" ಎಂದು ಎದ್ದು ಒಳಗೆ ಹೋದಳು.

ಆ ಪಾತ್ರ ಹಿಡಿದದ್ದು ಕೊಬ್ಬರಿ ವ್ಯಾಪಾರಿ ಹುಚ್ಚರಂಗಯ್ಯ.

"ಇದೇನ್ ಮೇಷ್ಟ್ರೇ, ಟವೆಲಲ್ಲಿ ಒರ್ಸೋದು? ಇದಕ್ಯಾರು ಶಿಳ್ಳೆ ಹೊಡೀತಾರೆ? ಗಹಗಹ ಅಂತ ನಗೋ ಹಂಗೆ ಮಾಡಿ."

ತೋಂಟದಾರ್ಯ ಹಾಗೇ ಮಾಡಿದ. ಮರುವಾರ ರಂಗಯ್ಯ ಹಾಡು ಬೇಕೆಂದ. ತೋಂಟದಾರ್ಯ ಅದನ್ನೂ ಹಾಕಿದ. ಕೊನೆಗೆ ಬಂತು ನೋಡಿ ಅಸಲು ವರಾತ.

"ಕಡೇ ಸೀನಲ್ಲಿ ನಾನು ಅತ್ತಿಗೆ ಕಾಲಿಗೆ ಬೀಳ್ಬೇಕು ಕಣ್ರೀ. ಇಲ್ದಿದ್ರೆ ನಾಳೆ ಸಂತೇಲಿ ಜನ ನನ್ ಮಖಕ್ಕೆ ಉಗೀತಾರೆ. ಹೆಂಡ್ತಿ ಮಕ್ಳು ಬೇರೆ ಮುಂದೇನೇ ಕೂತಿರ್ತಾರೆ."

"ಅವ್ನು ಬೀಳೋನಲ್ಲ ರಂಗಯ್ಯನೋರೇ. ಬಿದ್ರೆ ಆ ಪಾತ್ರ ಸತ್ತೋಯ್ತದೆ."

"ಹಂಗಾದ್ರೆ ನನ್ ಚಂದಾ ಕೊಡ್ಸಿಬುಡಿ, ಬತ್ತೀನಿ."

ಸೀನರಿಯವರಿಗೂ ತಿಪಟೂರಿನಿಂದ ಬರಬೇಕಿದ್ದ ನಟಿಗೂ ಆ ಚಂದಾದಲ್ಲೇ ಮುಂಗಡ ಹೋಗಿಯಾಗಿತ್ತು. ಹುಡುಗರೆಲ್ಲ ಮೇಷ್ಟ್ರ ಮುಖ ನೋಡಿದರು. ದಿನವೆಲ್ಲ ಸ್ಕೂಲಿನಲ್ಲಿ ಗಂಟಲು ಹರಿದುಕೊಂಡು, ಸಂಜೆ ಈ ಮಹಾರಾಯರ ಜೊತೆ ಏಗಿ ಏಗಿ ಅವನಿಗೆ ಸಾಕುಸಾಕಾಗಿತ್ತು. "ಏನಾದ್ರೂ ಮಾಡ್ಕೊಳ್ಳಿ, ಅತ್ಲಾಗೆ" ಎಂದು ಕಾಲಿಗೆ ಬೀಳುವ ದೃಶ್ಯವನ್ನು ಬರೆದುಕೊಟ್ಟ. ಅಕ್ಕನಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ನಾಟಕಕ್ಕೆ ಹುಚ್ಚರಂಗಯ್ಯ ತನಗೆ ಕೊಬ್ಬರಿ ಹಾಕುವವರನ್ನೆಲ್ಲ ಕರೆದಿದ್ದ. ಅವರ ಜೊತೆ ಪಕ್ಕದೂರಿನ ರುದ್ರೇಶನೂ ಬಂದು ಮುಂದಿನ ಸಾಲಿನಲ್ಲಿ ಕುಳಿತ.

ಬೆಳಕು ಹರಿಯುವ ಹೊತ್ತಿಗೆ ಹುಚ್ಚರಂಗಯ್ಯ ನಟಿಯ ಕಾಲ ಮೇಲೆ ಧೊಪ್ಪನೆ ಬಿದ್ದು, "ಅತ್ತಿಗೆ, ತಾಯಿ, ಕ್ಷಮಿಸು" ಎಂದು ಗೋಳಾಡಿದ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಎಲ್ಲರಿಗಿಂತ ಹೆಚ್ಚು ಅತ್ತವನು ರುದ್ರೇಶ. ಅಳುತ್ತಲೇ ಸ್ಟೇಜು ಹತ್ತಿ ಹುಚ್ಚರಂಗಯ್ಯನ ಕೊರಳಿಗೆ ಹಾರ ಹಾಕಿದ. ಜನ ಚಪ್ಪಾಳೆ ತಟ್ಟಿದರು.

ಇಳಿದವನು ಸೀದಾ ಕಲ್ಲಮ್ಮ ಕುಳಿತಿದ್ದಲ್ಲಿಗೆ ಬಂದ. ನಿಜವಾಗಿಯೂ ಕಾಲಿಗೆ ಬೀಳುತ್ತಾನೇನೋ ಎಂಬ ಆಸೆ, ಪಾಪ, ತೋಂಟದಾರ್ಯನಿಗೂ ಬಂದುಬಿಟ್ಟಿತ್ತು.

"ಅತ್ತಿಗೆಮ್ಮ, ಎಷ್ಟು ಚೆನ್ನಾಗಿತ್ತಲ್ವಾ!" ಎಂದ ರುದ್ರೇಶ, ಕಣ್ಣೊರೆಸಿಕೊಳ್ಳುತ್ತ. "ನಂಗೂ ಮನಸ್ಸು ಹಗುರಾಯ್ತು. ಹೋಗ್ಲಿ ಬುಡಿ, ಕೊನೆಗೆ ಎಲ್ಲಾ ಸರಿಹೋಯ್ತಲ್ಲ."

ಅವಳ ಮುಖವನ್ನೇ ನೋಡಿ ನಕ್ಕು, ಕೈ ಮುಗಿದು ಹೊರಟುಹೋದ.

ಕಲ್ಲಮ್ಮ ಕೂತಿದ್ದ ಚಾಪೆ ಸುತ್ತಿದಳು. ತಮ್ಮ ಏನೋ ಹೇಳಲು ಬಾಯಿ ತೆರೆದ.

"ಬುಡು," ಎಂದಳು. "ಇಷ್ಟ್ ವರ್ಸ ಎಲ್ಲಿ ನನ್ನ ಕಂಡ್ರೂ ಅವ್ನು ತಲೆ ತಗ್ಗಿಸ್ಕೊಂಡು ಹೋಗ್ತಿದ್ದ. ನಂದು ಅಂತ ಉಳಿದಿದ್ದು ಅದೊಂದೇ ಕಣಪ್ಪ. ಅದನ್ನೂ ನೀನು ಅವನಿಗೇ ಕೊಟ್ಬುಟ್ಟೆ."