ಖಾಸಿಂ ಹಾಕಿದ ರಬ್ಬರ್ ಕೊಳವೆ

ಕೆಂಪಸಿದ್ದಯ್ಯನವರ ಹಳೇ ಕಾರು ಅವತ್ತು ಮದ್ದೂರಿಗೆ ಬಂದದ್ದು ಎರಡು ಎತ್ತುಗಳ ಹಿಂದೆ. ನಿಡಘಟ್ಟದ ಹತ್ತಿರ ಬುಸ್ಸೆಂದು ಆವಿ ಬಿಟ್ಟು ನಿಂತಿದ್ದನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದಿದ್ದರು. ಸ್ಟೀರಿಂಗ್ ಹಿಡಿದಿದ್ದ ಡ್ರೈವರ್ ನಿಂಗಯ್ಯ ತಲೆ ಎತ್ತಲಿಲ್ಲ. ಎತ್ತಿನ ಹಿಂದೆ ಮೆರವಣಿಗೆ ಬಂದ ಯಜಮಾನರಿಗಂತೂ ಮೈಯೆಲ್ಲ ಉರಿ.

ಖಾಸಿಂನ ರಿಪೇರಿ ಶೆಡ್ಡಿನ ಮುಂದೆ ಇಳಿದವರೇ ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗಿದರು. "ಕಳ್ಳ ಕಣ್ರಯ್ಯಾ ಇವ್ನು! ಒಸ್ದು ಅಂತ ಕಾಸ್ ಈಸ್ಕಂಡು, ಕೊಳ್ತೋಗಿರೋ ರಬ್ಬರ್ ಕೊಳವೆ ಆಕಿ ನನ್ ಕಾರು ಸುಟ್ಟವ್ನೆ. ಲೇ ಖಾಸಿಂ, ಸಂಜೆ ಒಳ್ಗೆ ನನ್ ಜಾಗ ಖಾಲಿ ಮಾಡ್ಲಾ!"

ಶೆಡ್ಡು ನಿಂತಿದ್ದ ನೆಲ ಅವರದೇ. ಹನ್ನೊಂದು ವರ್ಷದಿಂದ ಖಾಸಿಂನ ಹೊಟ್ಟೆಪಾಡು ನಡೆದದ್ದೂ ಅಲ್ಲೇ. ಆದರೆ ಅವನ ಎದೆಗೆ ನಾಟಿದ್ದು ಜಾಗದ ಮಾತಲ್ಲ, ಕಳ್ಳ ಎಂಬ ಮಾತು. ಯುದ್ಧ ಶುರುವಾದ ಮೇಲೆ ರಬ್ಬರ್ ಕಣ್ಣಿಗೆ ಬೀಳುವುದೇ ಅಪರೂಪ. ರೇಡಿಯೇಟರಿನ ಆ ಒಂದು ಕೊಳವೆಗಾಗಿ ಅವನು ಎರಡು ಸಲ ಮೈಸೂರಿಗೆ ಅಲೆದಿದ್ದ. ಹಾಕಿ ಇನ್ನೂ ಎರಡು ತಿಂಗಳು ಆಗಿರಲಿಲ್ಲ.

"ಓಯ್ತೀನಿ ಯಜಮಾನ್ರೆ. ಆದ್ರೆ ಇದ್ರ ಒಟ್ಟೆ ನೋಡ್ದೆ ಓಗಾಕಿಲ್ಲ," ಎಂದವನೇ ಇಂಜಿನ್ನಿನ ಮುಚ್ಚಳ ಎತ್ತಿದ.

ಹೊಸ ಕೊಳವೆ ಸೀಳಿತ್ತು, ಸುಳ್ಳಲ್ಲ. ಆದರೆ ಅದರ ಸುತ್ತ ಇದ್ದದ್ದೆಲ್ಲ ಬೇರೆ ಕತೆ ಹೇಳುತ್ತಿತ್ತು. ಕೆಳಗಿನ ಹಳೇ ಕೊಳವೆ ಸೌದೆಯಷ್ಟು ಗಟ್ಟಿ. ತಂತಿಗಳಿಗೆ ಸುತ್ತಿದ್ದ ನೂಲಿನ ಹೊದಿಕೆ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಇಂಜಿನ್ನಿನ ನೆತ್ತಿಯ ಬಣ್ಣ ಗುಳ್ಳೆಯೆದ್ದು, ಒಡೆದು, ಆ ಗಾಯದ ಮೇಲೆ ಧೂಳು ಕೂತು ಹಳತಾಗಿತ್ತು.

"ಒಂದ್ ದಿನಕ್ಕೆ ಇಂಗೆ ಬೇಯಾಕಿಲ್ಲ. ಇದು ವಾರಗಟ್ಲೆ ಬೆಂದೈತೆ. ಕಾವು ಮೊದ್ಲು, ಕೊಳವೆ ಒಡ್ದಿದ್ದು ಆಮೇಲೆ," ಎಂದ ಖಾಸಿಂ.

ಸೀಳಿದ ಕಡೆ ಬಟ್ಟೆ ಬಿಗಿದು ರೇಡಿಯೇಟರಿಗೆ ಒಂದು ಕೊಡ ನೀರು ಸುರಿದ. ಕೆಳಗಿನ ನಲ್ಲಿ ಬಿಚ್ಚಿದ. ಭರ್ರೆಂದು ಬರಬೇಕಾದ ನೀರು ತೊಟ್ಟು ತೊಟ್ಟಾಗಿ ಬಿತ್ತು. ಒಳಗೇನೋ ಅಡ್ಡ ಕೂತಿದೆ ಎಂದು ಅವನಿಗೆ ಗೊತ್ತಾಯಿತು. ಮೇಲಿನ ಬಾಯಿಗೆ ಕೊಕ್ಕೆ ತಂತಿ ಇಳಿಬಿಟ್ಟು ಎಳೆದರೆ, ಕಂದು ಬಣ್ಣದ ಗಟ್ಟಿ ಉಂಡೆಯೊಂದು ಬಂತು. ಮೂಸಿ ನೋಡಿ ಯಜಮಾನರ ಮುಂದೆ ಹಿಡಿದ.

"ಗುರ್ತು ಸಿಕ್ತಾ? ರಾಗಿ ಮುದ್ದೆ. ಸಾರೊಂದು ಬಾಕಿ."

ಸುತ್ತ ನೆರೆದಿದ್ದವರು ಗೊಳ್ಳೆಂದರು. ಕೆಂಪಸಿದ್ದಯ್ಯ ಡ್ರೈವರ್ ಕಡೆ ತಿರುಗಿದರು. "ನಿಂದೇ ಕಣ್ಲಾ ಈ ಕೆಲ್ಸ!"

ನಿಂಗಯ್ಯ ಅವತ್ತು ಮೊದಲ ಸಲ ತಲೆ ಎತ್ತಿದ. "ಓದ್ ತಿಂಗ್ಳೇ ನಾನು, ರೇಡಿಯೇಟರ್ ತೂತಾಗೈತೆ, ಖಾಸಿಂ ತಾವ ಓಗುವ ಅಂದೆ. ತೂತು ಮಡ್ಕೆಗೆ ರಾಗಿ ಹಿಟ್ಟು ಮೆತ್ತಾಕಿಲ್ವೇನ್ಲಾ, ಕಲಸಿ ಉಯ್ಯಿ ಅಂದ್ರಿ ನೀವು. ತೂತೂ ಮುಚ್ತು, ನೀರ್ ಓಗೋ ದಾರೀನೂ ಮುಚ್ತು. ಆ ಮಾತ ಯಾರ್ಗೂ ಏಳ್ಬೇಡ ಅಂತ ಗದರಿಸ್ದೋರೂ ನೀವೇ."

ಯಜಮಾನರ ದನಿ ನೆಲಕ್ಕಿಳಿಯಿತು. "ಆಯ್ತು ಬುಡ್ಲಾ. ಜಾಗ್ದಲ್ಲೇ ಇರು. ಬೇಗ ರಿಪೇರಿ ಮಾಡು."

ಖಾಸಿಂ ಮುಚ್ಚಳ ಕೆಳಗಿಳಿಸಿದ. "ಕಳ್ಳ ಅಂದಿದ್ದು ಬಸ್ ಸ್ಟ್ಯಾಂಡಿಗೆಲ್ಲ ಕೇಳ್ತು. ಅಲ್ಲ ಅನ್ನೋದೂ ಅಷ್ಟೇ ಜೋರಾಗಿ ಕೇಳ್ಬೇಕು."

"ಇಲ್ದಿದ್ರೆ?"

"ಎತ್ತು ಇನ್ನೂ ಬಿಚ್ಚಿಲ್ಲ, ಯಜಮಾನ್ರೆ. ಕಾರು ಬಂದಂಗೇ ಓಯ್ತದೆ. ನಾನೂ ಸಂಜೆಗೆ ಓಯ್ತೀನಿ."

ಕೆಂಪಸಿದ್ದಯ್ಯ ಎತ್ತುಗಳನ್ನು ನೋಡಿದರು, ಜನರನ್ನು ನೋಡಿದರು. ಗಂಟಲು ಸರಿಮಾಡಿಕೊಂಡು ಕೂಗಿದರು. "ಖಾಸಿಂ ಕಳ್ಳ ಅಲ್ಲ ಕಣ್ರಯ್ಯಾ!"

"ಮತ್ತೆ ರಾಗಿ?" ಎಂದ ಖಾಸಿಂ.

"ರಾಗಿ ಉಯ್ಸಿದ್ದು ನಾನೇ!"

ಖಾಸಿಂ ಸ್ಪ್ಯಾನರ್ ಕೈಗೆತ್ತಿಕೊಂಡ.

"ನಿಂಗಣ್ಣ, ಎತ್ತು ಬಿಚ್ಚು."